ಶಾಯಿ ಇಲ್ಲದ ಬೆರಳು, ಕಡಿಯದ ಕಬ್ಬು

ಸಕ್ಕರೆ ಕಾರ್ಖಾನೆಯ ಮಾನ್ಯ ಅಧ್ಯಕ್ಷರೇ,

ನನ್ನ ಸೋದರತ್ತೆ ಬಾಳಕ್ಕನ ಕಬ್ಬನ್ನು ನೀವು ಬೇಕೆಂದೇ ಕಡಿಸಿಲ್ಲ. ಸುತ್ತಲಿನ ಹೊಲಗಳೆಲ್ಲ ಖಾಲಿಯಾಗಿವೆ. ನಡುವೆ ಅವಳದೊಂದೇ ಪಟ್ಟಿ ಬಿಳಿ ಹೂ ಬಿಟ್ಟು ನಿಂತಿದೆ. ಹೂ ಬಿಟ್ಟ ಕಬ್ಬು ದಿನೇ ದಿನೇ ಪೊಳ್ಳಾಗುತ್ತದೆಂದು ಕಾರ್ಖಾನೆಯ ಅಧ್ಯಕ್ಷರಿಗೆ ನಾನು ಹೇಳಿಕೊಡಬೇಕಿಲ್ಲ. ಅವಳು ಮಾಡಿದ ಅಪರಾಧ ಏನೆಂಬುದನ್ನು ಮಾತ್ರ ಹೇಳಬೇಕಿದೆ, ಏಕೆಂದರೆ ಶಿಕ್ಷೆ ಕೊಟ್ಟ ನಿಮಗೇ ಅದು ಸರಿಯಾಗಿ ಗೊತ್ತಿಲ್ಲ.

ಗಡಹಿಂಗ್ಲಜ ತಾಲೂಕಿನ ನಮ್ಮ ಕನ್ನಡದ ಹಳ್ಳಿ ಯಾವ ಪಕ್ಷದ ಕಡೆ ವಾಲಿದೆ ಎಂದು ಕೊಲ್ಹಾಪುರದ ಕಾಲೇಜಿನವರು ಕೇಳಿಕೊಂಡು ಬಂದಿದ್ದರು. ನಗು ಬಂತು. ನಮ್ಮಲ್ಲಿ ಪಕ್ಷ ಎಲ್ಲಿದೆ? ಇರುವುದು ಎರಡು ಗಟ, ಎರಡು ಗುಂಪು: ಒಂದು ನಿಮ್ಮದು, ಇನ್ನೊಂದು ನಿಮ್ಮ ಷಡ್ಡಕರದು. ನೀವು ಹತ್ತು ವರ್ಷದಲ್ಲಿ ಮೂರು ಪಕ್ಷ ದಾಟಿದಿರಿ, ಪ್ರತಿ ಸಲವೂ ತತ್ವಕ್ಕಾಗಿ ಎಂದಿರಿ. ನಾವೂ ಬೆನ್ನಿಗೇ ಬಂದೆವು. ತತ್ವಕ್ಕಲ್ಲ, ಕಬ್ಬಿನ ಪಾಳಿಗೆ. ಕಡಿಯುವವರ ಟೋಳಿ ಯಾರ ಹೊಲಕ್ಕೆ ಮೊದಲು ಇಳಿಯಬೇಕೆಂದು ಹೇಳುವವರು ನೀವು. ಅಂದ ಮೇಲೆ ಯಾರಿಗೆ ಮತ ಎಂದು ನಮ್ಮನ್ನು ಕೇಳುವುದು ಬರೀ ಉಪಚಾರ. ಇದನ್ನೇ ಪ್ರಜಾಪ್ರಭುತ್ವ ಎಂದು ಭಾಷಣ ಬಿಗಿಯುವಾಗ ನಿಮ್ಮ ನಾಲಿಗೆ ಒಮ್ಮೆಯಾದರೂ ತಡವರಿಸುವುದಿಲ್ಲವೇ?

ಆದರೂ ನಿಮಗೆ ನಮ್ಮ ಮೇಲೆ ನಂಬಿಕೆಯಿಲ್ಲ. ಜಿಲ್ಲಾ ಪರಿಷತ್ತಿಗೆ ಸೊಸೆಯನ್ನು ನಿಲ್ಲಿಸಿದಿರಿ. ಮತದಾನದ ಮುನ್ನಾದಿನ ನಿಮ್ಮವರು ಬೀರದೇವರ ಗುಡಿಯಿಂದ ಭಂಡಾರದ ತಟ್ಟೆ ಹಿಡಿದು ಮನೆಮನೆಗೆ ಬಂದರು. ದೇವರ ಅರಿಸಿನ ಮುಟ್ಟಿ, ಎದುರಿನವರಿಗೆ ಹಾಕುವುದಿಲ್ಲ ಎಂದು ಆಣೆ ಮಾಡಬೇಕು. ಮಾಡಿದೆವು. ಸಂಜೆ ನಿಮ್ಮ ಷಡ್ಡಕರ ಕಡೆಯವರು ಬಂದರು. ಅದೇ ಗುಡಿ, ಅದೇ ತಟ್ಟೆ, ಅದೇ ಭಂಡಾರ. ಮತ್ತೆ ಮಾಡಿದೆವು. ಮರುದಿನ ಹೋಗಿ ಮನಸ್ಸಿಗೆ ಬಂದ ಗುಂಡಿ ಒತ್ತಿ ಬಂದೆವು. ನೀವು ದೇವರನ್ನೇ ಪೋಲಿಂಗ್ ಏಜೆಂಟ್ ಮಾಡಿಕೊಂಡ ಮೇಲೆ ನಮಗೆ ದೇವರ ಭಯ ಎಲ್ಲಿಂದ ಉಳಿಯಬೇಕು?

ಬಾಳಕ್ಕನಿಗೆ ಉಳಿದಿತ್ತು. ಬೇಡವೆನ್ನುವ ಧೈರ್ಯವಿಲ್ಲದೆ ಅವಳೂ ಎರಡು ಸಲ ಮುಟ್ಟಿದ್ದಳು. ಬೆಳಿಗ್ಗೆ ಕರೆಯಲು ಹೋದರೆ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದಳು.

“ನಾ ಬರಂಗಿಲ್ಲೊ ಭೀಮಾ. ಇವರ ಮುಂದ ಅವರಿಗೆ ಹಾಕಂಗಿಲ್ಲ ಅಂದೇನಿ. ಅವರ ಮುಂದ ಇವರಿಗೆ ಹಾಕಂಗಿಲ್ಲ ಅಂದೇನಿ. ನಿಂತಾವ್ರ ಇಬ್ಬರು. ಮತ್ತ ಯಾರಿಗೆ ಹಾಕಲಿ?”

“ಅತ್ತಿ, ಊರೆಲ್ಲಾ ಎರಡೂ ಕಡೆ ಮುಟ್ಟೇತಿ.”

“ಊರಿಂದು ಊರಿಗೆ. ನನ್ನ ಆಣಿಗೆ ನಾನ ಉತ್ತರಾ ಕೊಡಬೇಕಲ್ಲ?”

ಅವಳು ಬರಲಿಲ್ಲ. ನಿಮ್ಮ ಸೊಸೆ ಗೆದ್ದರು, ಆದರೆ ನಮ್ಮ ಮತಗಟ್ಟೆಯಲ್ಲಿ ಹಿಂದೆ ಬಿದ್ದರು. ಗುಲಾಲು ಎರಚುತ್ತ ಬಂದ ನಿಮ್ಮವರು ದ್ರೋಹಿಗಳನ್ನು ಹುಡುಕಿದರು. ನಾವೆಲ್ಲ ಶಾಯಿಯ ಬೆರಳು ಎತ್ತಿ “ನಿಮಗ ಹಾಕೇವ್ರಿ” ಎಂದೆವು. ಬಾಳಕ್ಕನ ಬೆರಳು ಮಾತ್ರ ತೊಳೆದ ಹಾಗಿತ್ತು. ಎಂಥ ಪತ್ತೇದಾರಿಕೆ, ಅಧ್ಯಕ್ಷರೇ! ನಿಮ್ಮ ವಿರುದ್ಧ ಗುಂಡಿ ಒತ್ತಿದವರನ್ನೆಲ್ಲ ತಬ್ಬಿಕೊಂಡು, ಒತ್ತದೇ ಇದ್ದ ಒಬ್ಬಳನ್ನು ಹಿಡಿದಿರಿ.

ಕಡಿಯುವ ಚೀಟಿ ಕೊಡುವ ನಿಮ್ಮ ನೌಕರನ ಬಳಿ ಅವಳನ್ನು ಕರೆದೊಯ್ದೆ. ಅವನ ಹೆಸರು ಬರೆಯುವುದಿಲ್ಲ, ಬರೆದರೆ ನಾಳೆ ಅವನಿಗೆ ಕೆಲಸವಿರುವುದಿಲ್ಲ. “ಟೋಳಿ ಕಮ್ಮಿ ಅದಾವ್ರಿ ಕಾಕೂ, ಕಾಯ ಕರಣಾರ, ಏನ್ ಮಾಡೂದು?” ಎಂದ. ಅವಳು ಹೊರಗೆ ಹೋದ ಮೇಲೆ ನನ್ನ ಕಡೆ ಬಗ್ಗಿ, “ಶಾಯಿ ಇಲ್ಲದವ್ರದು ಕಡೀಕ ಇಡ್ರಿ ಅಂದಾರ್ರಿ ಸಾಹೇಬರು” ಎಂದ. ದಾರಿಯುದ್ದಕ್ಕೂ ಬಾಳಕ್ಕ ನಿಮ್ಮ ಪರವಾಗಿಯೇ ಮಾತಾಡಿದಳು: “ಟೋಳಿನ ಇಲ್ಲಂದ್ರ ಅವರರ ಏನ್ ಮಾಡ್ಯಾರು ಪಾಪ.” ಇಡೀ ಊರಿನಲ್ಲಿ ನೀವು ಮಾಡಿಸಿದ ಆಣೆಗೆ ಬೆಲೆ ಕೊಟ್ಟವಳು ಅವಳೊಬ್ಬಳೇ. ಸುಳ್ಳು ಹೇಳಿದ ನಮ್ಮ ಕಬ್ಬೆಲ್ಲ ನಿಮ್ಮ ಗೋದಾಮಿನಲ್ಲಿ ಸಕ್ಕರೆಯಾಗಿ ಕುಳಿತಿದೆ.

ಕೇಳುವುದು ಇಷ್ಟೇ. ಈ ವಾರ ಅವಳ ಹೊಲಕ್ಕೆ ಟೋಳಿ ಕಳಿಸಿ. ಆಗದಿದ್ದರೆ ನೀವೇ ಬನ್ನಿ. ಬೀರದೇವರ ಗುಡಿಯಲ್ಲಿ, ಬಾಳಕ್ಕನ ಎದುರು, ಅದೇ ತಟ್ಟೆಯ ಭಂಡಾರ ಮುಟ್ಟಿ, ಟೋಳಿ ನಿಜವಾಗಿಯೂ ಕಮ್ಮಿ ಇದೆ ಎಂದು ಹೇಳಿ. ನಾನು ನಂಬುವುದಿಲ್ಲ, ಊರೂ ನಂಬುವುದಿಲ್ಲ. ಆದರೆ ಅವಳು ನಂಬುತ್ತಾಳೆ, ನಿಂತ ಕಬ್ಬನ್ನು ಮರೆತು ನಿಮಗೆ ಕೈ ಮುಗಿಯುತ್ತಾಳೆ. ಆ ಮುಖ ನೋಡುತ್ತ ಹೇಳುವಷ್ಟು ಗಟ್ಟಿ ಎದೆ ನಿಮಗಿದ್ದರೆ ಬನ್ನಿ, ತಟ್ಟೆ ನಾನೇ ಹಿಡಿಯುತ್ತೇನೆ.

ಇಂತಿ,
ಎರಡು ಸಲ ಭಂಡಾರ ಮುಟ್ಟಿ ಸುಳ್ಳಾಡಿದ, ಬೆರಳಿಗೆ ಶಾಯಿಯಿರುವ, ಬರುವ ಹಂಗಾಮಿಗೆ ಕಬ್ಬು ಹೊಲದಲ್ಲೇ ಒಣಗಲಿರುವ
ಭೀಮಗೊಂಡ