ಪೆಟ್ರೋಲ್ ಮುಳ್ಳಿನ ಮಾತು ಕೇಳಬೇಡ

ಮುದುಕಪ್ಪಣ್ಣಾ,

ನಾನು ಪರೀಕ್ಷೆಗೆ ಹೊರಟೆ. ತುಂಬು ಬಸುರಿ ಅಕ್ಕನನ್ನು ಕರೆತರಲು ನೀನು ಮಾನ್ವಿಗೆ ಹೊರಡುವ ಮುಂಚೆ ಇದನ್ನು ಪೂರ್ತಿ ಓದು.

ಕಾರಿನ ಪೆಟ್ರೋಲ್ ಮುಳ್ಳು ಸುಳ್ಳು ಹೇಳುತ್ತಿದೆ. ನಿನ್ನೆ ನಾನು ಪೆಟ್ರೋಲ್ ಟಾಕಿಯ ವೈರು ಬಿಚ್ಚಿ ಕಾರಿನ ತಗಡಿಗೆ ತಾಗಿಸಿದೆ. ಮುಳ್ಳು ಜಿಗಿದು ತುದಿಗೆ ಹೋಯಿತು. ಅಂದರೆ ಮೀಟರಿಗೆ ರೋಗವಿಲ್ಲ. ಟಾಕಿಯೊಳಗೆ ತೇಲಬೇಕಾದ ಫ್ಲೋಟು ಅರ್ಧದಲ್ಲೇ ಸಿಕ್ಕಿಕೊಂಡಿದೆ. ಟಾಕಿ ಒಣಗಿದರೂ ಮುಳ್ಳು ಅರ್ಧವನ್ನೇ ತೋರಿಸುತ್ತದೆ.

ನಿನಗೆ ಎಷ್ಟು ಸಲ ಹೇಳಬೇಕು? ನೀನಾದರೋ ಗಾಜಿಗೆ ಬೆರಳಿನಿಂದ ಟಕಟಕ ಬಡಿದು, “ಏ ಬಸವಂತೀ, ಅರ್ಧ ಟಾಕಿ ಅದ, ಸುಮ್ಕ ಕುಂದ್ರು!” ಅನ್ನುತ್ತೀ. ಹೋದ ವಾರ ಹಾಗೆ ಅಂದ ಮೇಲೇ ನಾನೂ ಅವ್ವನೂ ಕಲ್ಲೂರಿನ ತನಕ ಕಾರು ತಳ್ಳಿದ್ದು. ಅವ್ವ ಮಂಡಿಗೆ ಎಣ್ಣೆ ತಿಕ್ಕುವಾಗಲೆಲ್ಲ ನಿನ್ನ ಹೆಸರೇ ಹೇಳುತ್ತಾಳೆ. ಅಕ್ಕನ ಕೈಯಲ್ಲೂ ತಳ್ಳಿಸಬೇಡ ಮಾರಾಯಾ.

ಗೋಡೆಯ ಗೂಡಿನಲ್ಲಿ ಗೀಟು ಹಾಕಿದ ಬೆತ್ತ ಇಟ್ಟಿದ್ದೇನೆ. ಬೀಡಿ ಆರಿಸಿ, ಅದನ್ನು ಟಾಕಿಗೆ ಇಳಿಸಿ ನೋಡು. ಮೂರನೇ ಗೀಟಿನ ತನಕ ತೊಯ್ಯದಿದ್ದರೆ ಮೊದಲು ಬಂಕಿಗೆ ಹೋಗು.

ನನ್ನ ಮಾತು ನೀನು ಕೇಳುವುದಿಲ್ಲವೆಂದು ಗೊತ್ತು. ಅದಕ್ಕೇ ಮುಳ್ಳು ಕಾಣದಂತೆ ಗಾಜಿನ ಮೇಲೆ ವೀರಭದ್ರ ದೇವರ ಪಟ ಅಂಟಿಸಿದ್ದೇನೆ. ಧೈರ್ಯವಿದ್ದರೆ ಕಿತ್ತು ನೋಡು.

ಬಸವಂತಿ