ಅಪ್ಪನ ಪಾಲಿನ ಜಡೆ

ಜನವರಿ 4, ಭಾನುವಾರ. ಮ್ಯಾಡ್ರಿಡ್.

ನಾನು ಕೆಲಸಕ್ಕಿರೋ ಮನೆಯ ಅಂಪಾರೋ ಅಜ್ಜಿಗೆ ಸೂಪ್ ಕುಡಿಸಿ, ಮಾತ್ರೆ ನುಂಗಿಸಿ, ಟಿವಿ ಮುಂದೆ ಕೂರಿಸಿ ಬಂದೆ. ಭಾನುವಾರ ಮಧ್ಯಾಹ್ನ ನನ್ನದು. ಪಾರ್ಕಿಗೆ ಹೋಗೋದು, ನಮ್ಮ ಬೊಲಿವಿಯಾದವರ ಜೊತೆ ಹರಟೋದು, ಒಂದು ಬಿಸಿ ಬಿಸಿ ಮಾಂಸದ ಕಡುಬು ತಿನ್ನೋದು. ಇವತ್ತು ಕಡುಬು ಬಾಯಿಗಿಡೋ ಹೊತ್ತಿಗೆ ಸರಿಯಾಗಿ ಗ್ರೋವರ್ ಕಂಡ.

ನನ್ನ ಗೆಳತಿ ತೆಯೋದೋರಳ ಗಂಡ ಗ್ರೋವರ್. ಕೂಸಿನ ಗಾಡಿ ತಳ್ಳಿಕೊಂಡು ಬರ್ತಿದ್ದ. ಪಕ್ಕದಲ್ಲೊಬ್ಬಳು, ಅವನ ಕೋಟಿನ ಜೇಬಲ್ಲಿ ಕೈ ಇಟ್ಟುಕೊಂಡು. ಚಳಿ ಇತ್ತು, ಒಪ್ಪಿದೆ. ಅವಳ ಕೋಟಿಗೆ ಜೇಬಿರಲಿಲ್ವಾ?

ನೋಡಿಯೂ ನೋಡದ ಹಾಗೆ ಹೋಗ್ತಾನೆ ಅಂದುಕೊಂಡೆ. ಇಲ್ಲ. ಅವಳನ್ನು ಮುಂದೆ ಕಳಿಸಿ ಬಂದು ನಿಂತ.

"ಕೋಮಾದ್ರೆ, ತೆಯೋದೋರಾಗೆ ಹೇಳಬೇಡಿ. ನಾನೇ ಹೇಳ್ತೀನಿ."

"ಯಾವಾಗ? ಈ ಕೂಸಿನ ಮದುವೇಲಾ?"

"ಟೈಮ್ ನೋಡ್ಕೊಂಡು..."

"ಮೊದಲು ನನ್ನ ಕೋಮಾದ್ರೆ ಅನ್ನೋದು ಬಿಡು. ನಿನ್ನ ಮಗನ ಕೂದಲಿಗೆ ಇನ್ನೂ ಕತ್ತರಿ ಹಾಕಿಲ್ಲ ನಾನು."

ಅದಂತೂ ನಿಜ. ನಮ್ಮಲ್ಲಿ ಮಗುವಿನ ಮೊದಲ ಕೂದಲು ಯಾರು ಕತ್ತರಿಸ್ತಾರೋ ಅವಳು ಮದ್ರೀನ, ಆ ಮಗುವಿಗೆ ಎರಡನೇ ತಾಯಿ. ಹೆತ್ತವರಿಗೆ ಕೋಮಾದ್ರೆ, ಒಡಹುಟ್ಟಿದವರಿಗಿಂತ ಒಂದು ಕೈ ಹೆಚ್ಚು. ಅವರ ಮಗ ಲಿಂಬೆರ್ ತೊಡೆ ಮೇಲಿದ್ದಾಗ ನಾನು ಕತ್ತರಿಸ್ತೀನಿ ಅಂತ ಮಾತು ಕೊಟ್ಟೆ. ಮಾರನೇ ತಿಂಗಳೇ ಇಲ್ಲಿಗೆ ವಿಮಾನ ಹತ್ತಿದೆ. ಕೊಟ್ಟ ಮಾತನ್ನು ಬೇರೆಯವರಿಗೆ ದಾಟಿಸೋ ಹಾಗಿಲ್ಲ, ಹುಡುಗನಿಗೆ ಆರು ವರ್ಷ ಆದರೂ ಕೂದಲು ಹಾಗೇ ಇದೆ. ತೆಯೋದೋರ ಅವನನ್ನು ಕಟ್ಟಿಕೊಂಡು ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಬಟ್ಟೆ ಹೊಲೀತಾಳೆ. ಗಂಡ ಇಲ್ಲಿ ಗಾಡಿ ತಳ್ತಾನೆ.

ಕಡುಬು ಬಿಸಾಕಿದೆ.

ಜನವರಿ 7

ತೆಯೋದೋರಳ ವಾಯ್ಸ್ ಮೆಸೇಜ್. ಹಿಂದೆ ಹೊಲಿಗೆ ಮಿಷನ್ ಸದ್ದು. ಇವಳು ಯಾವತ್ತೂ ಮಿಷನ್ ನಿಲ್ಲಿಸಿ ಮಾತಾಡಿದವಳಲ್ಲ.

"ಹಸಿಂತಾ, ಫೆಬ್ರವರಿಗೆ ಸ್ಕೂಲು ಕಣೇ. ಬೀದಿ ಹುಡುಗರು ಇವನ್ನ 'ಏ ಹುಡುಗಿ, ಲಂಗ ಎಲ್ಲೇ' ಅಂತಾರಂತೆ. ನಿನ್ನೆ ಒಬ್ಬನ ಮೂಗು ಒಡೆದು ಬಂದಿದಾನೆ. ಊರಿಗೆ ಹೋಗೋವಾಗ ಈ ಕಡೆಯಿಂದ ಹೋಗು, ಆಯ್ತಾ? ಇನ್ನೊಂದು... ಗ್ರೋವರ್‌ಗೆ ಹೇಳಬೇಡ. ಕೂದಲು ಶಾಸ್ತ್ರ ಒಂದು ಮುಗೀಲಿ, ಮಿಷನ್ ಮಾರಿ, ಮಗನ್ನ ಕರ್ಕೊಂಡು ಮಾರ್ಚ್‌ಗೆ ಮ್ಯಾಡ್ರಿಡ್‌ಗೆ ಬಂದುಬಿಡ್ತೀನಿ. ಬಾಗಿಲು ತೆಗೆದಾಗ ಅವನ ಮುಖ ನೋಡ್ಬೇಕು ನಾನು."

ಗಂಡ ಹೇಳಬೇಡಿ ಅಂತಾನೆ, ಹೆಂಡತಿ ಹೇಳಬೇಡ ಅಂತಾಳೆ. ನಾನೇನು ಚರ್ಚಿನ ಹುಂಡಿಯಾ, ಬಂದವರೆಲ್ಲ ತುರುಕಿ ಹೋಗೋಕೆ?

ಆ ಮಿಷನ್ ಒಂದೇ ಅವಳ ಸ್ವಂತದ್ದು. ಅದನ್ನು ಮಾರಿ ಬಂದು ಆ ಬಾಗಿಲು ತಟ್ಟಿದರೆ... ತೆಗೆಯೋದು ಆ ಜೇಬಿನವಳು.

ಜನವರಿ 9

ಟಿಕೆಟ್ ಮಾಡಿಸಿದೆ. ಐದು ವರ್ಷಕ್ಕೆ ಮೊದಲ ರಜ. ನಮ್ಮೂರು ಕೊಚಬಾಂಬದಲ್ಲಿ ಅಮ್ಮ ಕಾಯ್ತಿದಾಳೆ. ಟಿಕೆಟ್ ಅಂಗಡಿ ಹುಡುಗ ಬಹಳ ಹುಷಾರಿನವನ ಹಾಗೆ, "ಸಾವೊ ಪಾಲೊದಲ್ಲಿ ಮೂರೇ ಗಂಟೆ ಕಾಯೋದು, ಇದು ತಗೊಳ್ಳಿ" ಅಂದ.

"ರಾತ್ರಿ ಪೂರ್ತಿ ಕಾಯೋದು ಇಲ್ವಾ?"

"ಎಲ್ಲರೂ ಕಮ್ಮಿ ಮಾಡಿ ಅಂತಾರೆ ಮೇಡಂ..."

"ನಾನು ಎಲ್ಲರೂ ಅಲ್ಲ."

ಒಂದು ರಾತ್ರಿ ಸಿಕ್ತು. ಸಂಜೆ ಇಳಿಯೋದು, ಬೆಳಗ್ಗೆ ಹತ್ತೋದು. ಅಷ್ಟರಲ್ಲಿ ಕೂದಲು ಕತ್ತರಿಸಬೇಕು, ವಿಷಯ ಹೇಳಬೇಕು. ಇಂಥದ್ದು ಫೋನಲ್ಲಿ ಹೇಳೋದಲ್ಲ. ಕೈ ಹಿಡ್ಕೊಂಡು ಹೇಳಬೇಕು. ಮಿಷನ್ ನಿಲ್ಲಿಸಿಯೇ ಹೇಳಬೇಕು.

ಜನವರಿ 23, ವಿಮಾನದಲ್ಲಿ

ತಡವಾಗಿ ಹೊರಟಿತು. ಕಾರಣ ಯಾರೂ ಹೇಳಲ್ಲ. ನನ್ನ ಒಂದು ರಾತ್ರಿಯಲ್ಲಿ ಒಂದು ತುಂಡು ಆಗಲೇ ಕಿತ್ತುಕೊಂಡರು.

ಹೇಗೆ ಶುರು ಮಾಡೋದು ಅಂತ ಮನಸ್ಸಲ್ಲೇ ಪ್ರಾಕ್ಟೀಸ್. "ತೆಯೋ, ಮೊದಲು ಕೂತ್ಕೋ." ಬೇಡ, ಅವಳು ಯಾವಾಗಲೂ ಕೂತೇ ಇರ್ತಾಳೆ. "ತೆಯೋ, ಗಂಡಸರ ಬುದ್ಧಿ ನಿನಗೆ ಗೊತ್ತಲ್ಲ." ಥೂ, ಇದು ನನ್ನ ದೊಡ್ಡಮ್ಮ ಮಾತಾಡೋ ಹಾಗಿದೆ. "ತೆಯೋ, ಗ್ರೋವರ್‌ಗೆ ಇನ್ನೊಂದು ಮಗು ಇದೆ." ಇಷ್ಟೇ. ಐದು ಪದ. ಪಕ್ಕದ ಸೀಟಿನವನು ನನ್ನ ತುಟಿ ನೋಡಿ ಪ್ರಾರ್ಥನೆ ಅಂದುಕೊಂಡ, ಅವನೂ ಶಿಲುಬೆ ಗುರುತು ಮಾಡಿಕೊಂಡ.

ಕಾಲು ಜೋಮು. ನಿದ್ದೆ ಇಲ್ಲ. ಎದ್ದು ಓಡಾಡಿದರೆ ಗಗನಸಖಿ ಕೂರಿಸ್ತಾಳೆ.

ಅದೇ ದಿನ, ಸಂಜೆ. ಸಾವೊ ಪಾಲೊ ಏರ್‌ಪೋರ್ಟ್

ಪಾಸ್‌ಪೋರ್ಟ್ ಸಾಲು. ಮುಂದೆ ಒಂದು ಟೂರಿಸ್ಟ್ ತಂಡ, ಎಲ್ಲರಿಗೂ ಒಂದೇ ಟೋಪಿ. ನಿಂತು ಬರೀತಿದೀನಿ, ಇಲ್ಲದಿದ್ರೆ ಯಾರನ್ನಾದರೂ ತಳ್ಳಿಬಿಡ್ತೀನಿ.

ಲಿಂಬೆರ್‌ಗೆ ತಂದ ಫುಟ್‌ಬಾಲ್ ಶೂ ದೊಡ್ಡ ಸೂಟ್‌ಕೇಸಲ್ಲಿ. ಸೂಟ್‌ಕೇಸು ಸೀದಾ ಕೊಚಬಾಂಬಕ್ಕೆ. ವಿಮಾನ ಇಳಿದ ಮೇಲೆ ನೆನಪಾಯ್ತು. ಮದ್ರೀನ ಬರಿಗೈಲಿ ಹೋಗೋ ಹಾಗಿಲ್ಲ. ಸಾಲಿಗೆ ಬರೋ ಮುಂಚೆ ಇಲ್ಲಿಯ ಅಂಗಡೀಲಿ ಒಂದು ಆಟದ ವಿಮಾನ ಕಂಡಿತು, ಬೆಲೆ ನೋಡಿದರೆ ನಿಜವಾಗಲೂ ಹಾರಬೇಕು. ತಗೊಂಡೆ.

ಸಾಲು ಒಂದು ಹೆಜ್ಜೆ ಮುಂದೆ.

ಅದೇ ರಾತ್ರಿ. ತೆಯೋದೋರಳ ಮನೆ, ಬಚ್ಚಲಲ್ಲಿ

ಬಾಗಿಲು ಹಾಕಿಕೊಂಡು ಬರೆಯೋಕೆ ಇದೊಂದೇ ಜಾಗ. ಹೊರಗೆ ಒಂದೇ ಕೋಣೆ. ಮಿಷನ್, ಬಟ್ಟೆ ರಾಶಿ, ಹಾಸಿಗೆ, ಒಲೆ. ತೆಯೋದೋರ ಜೊತೆ ಅವಳ ಚಿಕ್ಕಮ್ಮ ಫೊರ್ತುನಾತಾನೂ ಇದಾಳೆ. ಶಾಸ್ತ್ರ ನೋಡ್ಕೊಳ್ಳೋಕೆ ಅಂತ ಬೊಲಿವಿಯಾದ ಒರೂರೊದಿಂದ ಬಸ್ಸಲ್ಲಿ ಬಂದಿದಾಳೆ. ಬಸ್ಸಿನ ಆಯಾಸ ಅವಳಿಗೆ ತಟ್ಟಿಲ್ಲ, ಬಾಯಿ ಚೆನ್ನಾಗೇ ನಡೀತಿದೆ.

ಬಂದ ಕೂಡಲೇ ಕತ್ತರಿಸೋಣ ಅಂದೆ. ಮುದುಕಿ ಬಿಡಲಿಲ್ಲ.

"ಸೂರ್ಯ ಕಾಣದೆ ಕತ್ತರಿ ಮುಟ್ತಾರಾ? ನಿಮ್ಮ ಕೊಚಬಾಂಬದವರಿಗೆ ತಿನ್ನೋ ಶಾಸ್ತ್ರ ಒಂದೇ ಗೊತ್ತಿರೋದು."

"ಬೆಳಗ್ಗೆ ನನ್ನ ವಿಮಾನ ಇದೆ ಚಿಕ್ಕಮ್ಮಾ."

"ಸೂರ್ಯ ನಿನ್ನ ವಿಮಾನಕ್ಕಿಂತ ಮುಂಚೆ ಹೊರಡ್ತಾನೆ. ತಿನ್ನು."

ತಿಂದೆ. ಕಡಲೆಕಾಯಿ ಸಾರು, ಮೇಲೆ ಕರಿದ ಆಲೂಗಡ್ಡೆ. ಐದು ವರ್ಷದಿಂದ ಇಂಥದ್ದು ತಿಂದಿಲ್ಲ.

ಲಿಂಬೆರ್ ಆಟದ ವಿಮಾನ ಹಿಡ್ಕೊಂಡು ನನ್ನ ಸುತ್ತ ಎರಡು ಸುತ್ತು ಹಾಕಿ ನಿಂತ. ಕೂದಲು ಸೊಂಟದ ತನಕ. ಕಣ್ಣು ಥೇಟ್ ಗ್ರೋವರ್.

"ನೀನೇನಾ ಮದ್ರೀನ? ಯಾಕೆ ಇಷ್ಟು ಲೇಟು?"

"ರೋಡಲ್ಲಿ ಟ್ರಾಫಿಕ್ ಇತ್ತು."

"ಆರು ವರ್ಷಾನಾ?"

ತೆಯೋದೋರ ನಕ್ಕಳು, ಬಟ್ಟೆ ತುಂಡಲ್ಲಿ ಮೂಗು ಒರೆಸಿಕೊಂಡಳು. ಎಷ್ಟು ಸೊರಗಿದಾಳೆ. ನಕ್ಕರೆ ಮಾತ್ರ ಹಳೇ ತೆಯೋ.

ಹೇಳೋಕೆ ಹೋದೆ, ಇಲ್ಲ ಅಂತಲ್ಲ. ಮುದುಕಿ ಸ್ನಾನಕ್ಕೆ ಹೋದಾಗ, "ತೆಯೋ, ಒಂದ್ನಿಮಿಷ ಮಿಷನ್ ನಿಲ್ಸು" ಅಂದೆ. ನಿಲ್ಲಿಸಿದಳು. ನಿಲ್ಲಿಸಿ, ಮಂಚದ ಕೆಳಗಿಂದ ಪುಟ್ಟ ಕೋಟು ಎಳೆದು ತೋರಿಸಿದಳು. ತಾನೇ ಹೊಲಿದಿದ್ದು, ಒಳಗೆ ಉಣ್ಣೆ. "ಮಾರ್ಚ್‌ನಲ್ಲಿ ಮ್ಯಾಡ್ರಿಡ್ ಚಳಿಗೆ ಇದು ಸಾಕಾ?"

ಸಾಕು ಅಂದೆ. ಅದೊಂದೇ ನನ್ನ ಬಾಯಿಂದ ಬಂದಿದ್ದು.

ಈಗ ಮೂವರೂ ಮಲಗಿದಾರೆ. ನಾನು ಬಚ್ಚಲ ಮೆಟ್ಟಿಲ ಮೇಲೆ ಕೂತು, ನಲ್ಲಿ ತೊಟ್ಟಿಕ್ಕೋದು ನೋಡ್ತಾ. ಬೆಳಗ್ಗೆ ಹೇಳ್ತೀನಿ. ಕತ್ತರಿ ಎತ್ತೋಕೆ ಮುಂಚೆ. ಹೇಳಲೇಬೇಕು. ಹೇಳದೆ ಹೋದರೆ ನಾನು ಎಂಥ ಕೋಮಾದ್ರೆ?

ಜನವರಿ 24, ಬೆಳಗ್ಗೆ. ಟ್ಯಾಕ್ಸಿಯಲ್ಲಿ

ರಸ್ತೆ ಹಾಳು. ಓದೋಕೆ ಆಗುತ್ತೋ ಇಲ್ವೋ, ಬರೆದುಬಿಡ್ತೀನಿ.

ಕತ್ತಲಲ್ಲೇ ಎದ್ದು ತೆಯೋದೋರ ಮಗನ ತಲೆ ತುಂಬ ಪುಟ್ಟ ಪುಟ್ಟ ಜಡೆ ಹೆಣೆದಿದ್ದಳು. ಬಿಸಿಲು ಕಿಟಕಿಗೆ ಬಂತು. ಮುದುಕಿ ನೆಲಕ್ಕೆ ನಾಲ್ಕು ಹನಿ ಬಿಯರ್ ಚೆಲ್ಲಿ ಭೂಮಿತಾಯಿಗೆ ಕೊಟ್ಟಳು. ತೆಯೋದೋರ ತನ್ನ ಹೊಲಿಗೆ ಕತ್ತರಿಯನ್ನೇ ನನ್ನ ಕೈಗಿಟ್ಟಳು. ಬಾಯಿ ತೆಗೆದೆ... "ಶುರು ಮಾಡು, ಟ್ಯಾಕ್ಸಿ ಬಂದುಬಿಡುತ್ತೆ" ಅಂದಳು. ಶುರು ಮಾಡಿದೆ.

ಒಂದೊಂದು ಜಡೆ ಬಿದ್ದಾಗಲೂ ಲಿಂಬೆರ್ ಕುತ್ತಿಗೆ ಮುಟ್ಟಿ ನೋಡ್ಕೊಳ್ತಿದ್ದ. ಕೊನೆಗೆ ಹಿಂದೆ ಒಂದು ಉಳೀತು, ಕೆಂಪು ರಿಬ್ಬನ್ ಕಟ್ಟಿದ್ದು.

"ಅದು ಬೇಡ" ಅಂದಳು ತೆಯೋದೋರ. "ಅದು ಅಪ್ಪನ ಪಾಲು. ನಮ್ಮ ಒರೂರೊ ಕಡೆ ಅದನ್ನ ಅಪ್ಪನೇ ಕತ್ತರಿಸಬೇಕು. ಮಾರ್ಚ್‌ನಲ್ಲಿ ಗ್ರೋವರ್ ಕತ್ತರಿಸ್ತಾನೆ."

ನಮ್ಮ ಕಡೆ ಹೀಗೊಂದು ಪದ್ಧತಿಯೇ ಇಲ್ಲ. ನಾನು ಕೇಳಿಯೇ ಇರಲಿಲ್ಲ.

ಲಿಂಬೆರ್ ಹಿಂದೆ ಕೈ ಹಾಕಿ ನೋಡಿದ. ಅವನ ಮುಖ ಇಷ್ಟೇ ಇಷ್ಟಾಯ್ತು. "ಬಾಲ ಇಟ್ಕೊಂಡು ಸ್ಕೂಲಿಗೆ ಹೋಗಬೇಕಾ?"

"ಸ್ವಲ್ಪ ದಿನ ಕಣೋ ರಾಜಾ. ಅಪ್ಪ ಕತ್ತರಿಸೋ ತನಕ."

ಕೆಳಗೆ ಟ್ಯಾಕ್ಸಿ ಹಾರ್ನ್. ಗ್ರೋವರ್ ಎಂದೂ ಕತ್ತರಿಸಲ್ಲ. ಈ ಹುಡುಗ ಬಾಲ ಇಟ್ಕೊಂಡು ಬೀದಿ ಬೀದಿ ಹೊಡೆದಾಡ್ತಾನೆ, ಇವಳು ಕೋಟು ಹೊಲೀತಾ ಕಾಯ್ತಾಳೆ. ಸಿಟ್ಟು ನೆತ್ತಿಗೇರಿತು. ರಿಬ್ಬನ್ ಹಿಡಿದು ಕತ್ತರಿಸಿಬಿಟ್ಟೆ.

"ಅವನು ಬರಲ್ಲ ತೆಯೋ" ಅಂದೆ.

ತೆಯೋದೋರ ಮೆಲ್ಲಗೆ ನೆಲಕ್ಕೆ ಕುಸಿದಳು. ಮುದುಕಿ ಬಟ್ಟೆ ರಾಶಿಗೆ ಕೈ ಹಾಕಿ ಒಂದು ಕಪ್ಪು ಚೂರು ಹರಿದಳು, ಹುಡುಗನ ತೋಳಿಗೆ ಕಟ್ಟೋಕೆ ಶುರು ಮಾಡಿದಳು.

"ಏನ್ ಮಾಡ್ತಿದೀರಾ ಚಿಕ್ಕಮ್ಮಾ?"

"ಇನ್ನೇನು ಮಾಡಲಿ? ಅಪ್ಪನ ಜಡೆ ಬೇರೆಯವರು ಕತ್ತರಿಸೋದು ಅಪ್ಪ ಸತ್ತಾಗ ಮಾತ್ರ. ಮಾತಲ್ಲಿ ಹೇಳೋಕಾಗದೆ ಕತ್ತರೀಲಿ ಹೇಳಿದೆ ನೀನು. ಒಳ್ಳೇದು ಮಾಡಿದೆ."

ಇಲ್ಲ ಅನ್ನೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ತೆಯೋದೋರ ನನ್ನ ಸೊಂಟ ತಬ್ಬಿ, ಹೊಟ್ಟೆಗೆ ಮುಖ ಒತ್ತಿ ಅತ್ತಳು.

"ಅದಕ್ಕೇ ಫೋನ್ ಮಾಡ್ತಿರಲಿಲ್ಲ ಕಣೇ... ನಾನು ಏನೇನೋ ಅಂದ್ಕೊಂಡಿದ್ದೆ. ಬೇರೆ ಯಾರೋ ಇದಾಳೆ ಅಂತೆಲ್ಲ ಬೈದುಬಿಟ್ಟಿದ್ದೆ ಅವನ್ನ, ಮನಸ್ಸಲ್ಲೇ. ಪಾಪಿ ನಾನು."

ಆಗ ಹೇಳಬೇಕಿತ್ತು. ಆಗಲೇ. ಪಾಪಿ ನೀನಲ್ಲ ಅಂತ ಹೇಳಬೇಕಿತ್ತು. ಹಾರ್ನ್ ಮೇಲೆ ಹಾರ್ನ್. ಲಿಂಬೆರ್ ಅಳೋದೋ ಕನ್ನಡಿ ನೋಡೋದೋ ಗೊತ್ತಾಗದೆ ನಿಂತಿದ್ದ. ಮುದುಕಿ ನನ್ನ ಚೀಲ ಎತ್ತಿಕೊಟ್ಟು ಬಾಗಿಲಿಗೆ ತಳ್ಳಿದಳು, ಸಾವಿನ ಸುದ್ದಿ ತಂದವರು ಹೆಚ್ಚು ಹೊತ್ತು ನಿಲ್ಲಬಾರದಂತೆ. ಇಳಿದು ಬಂದೆ.

ಅವಳ ಮುಖ ಕಣ್ಣಿಗೆ ಕಟ್ಟಿದೆ. ಅಳು ಇತ್ತು, ಅವಮಾನ ಇರಲಿಲ್ಲ. ಬಿಟ್ಟುಹೋದವನ ಹೆಂಡತಿ ಅಲ್ಲ, ಸತ್ತವನ ಹೆಂಡತಿ. ಹಾಗೇ ಇರಲಿ ಅಂತ ಮನಸ್ಸಿನ ಒಂದು ಮೂಲೆ ಹೇಳುತ್ತೆ. ಅವನು ನನ್ನ ಪಾಲಿಗೂ ಸತ್ತ ಹಾಗೇ.

ಡ್ರೈವರ್ ಕೇಳ್ತಾನೆ, ಯಾರಾದ್ರೂ ಹೋಗಿಬಿಟ್ರಾ ಅಂತ. ಅಳ್ತಿದೀನಿ ಅಂತ ಆಗ ಗೊತ್ತಾಯ್ತು.

ಅದೇ ಬೆಳಗ್ಗೆ. ಗೇಟಿನ ಹತ್ತಿರ

ಕೂರೋಕಾಗ್ತಿಲ್ಲ. ಕಾಫಿ ತಗೊಂಡೆ, ಕುಡೀಲಿಲ್ಲ. ಕಸದ ಡಬ್ಬಿ ತನಕ ಹೋಗಿ ಬರ್ತಿದೀನಿ, ಮತ್ತೆ ಮತ್ತೆ. ಸೆಕ್ಯುರಿಟಿಯವನು ನನ್ನನ್ನೇ ನೋಡ್ತಿದಾನೆ.

ಅವಳ ಮೆಸೇಜ್ ಬಂತು. ಹಿಂದೆ ಮಿಷನ್ ಸದ್ದಿಲ್ಲ.

"ಹಸಿಂತಾ, ಎಲ್ಲಿ ಮಣ್ಣು ಮಾಡಿದ್ರು? ಯಾವ ಸ್ಮಶಾನ? ನೀನು ಹೋಗಿದ್ದೆ ತಾನೇ? ಮಿಷನ್ ನೋಡೋಕೆ ಪಕ್ಕದವನು ಮಧ್ಯಾಹ್ನ ಬರ್ತಾನೆ, ಇವತ್ತೇ ಕೊಟ್ಟುಬಿಡ್ತೀನಿ. ಮಾರ್ಚ್ ತನಕ ಯಾಕೆ ಕಾಯಲಿ ಇನ್ನು? ಲಿಂಬೆರ್‌ನ ಕರ್ಕೊಂಡು ಬಂದು ಆ ಜಡೆ ಅವನ ಪಕ್ಕದಲ್ಲಿ ಹೂಳಬೇಕು. ಚಿಕ್ಕಮ್ಮ ಹಾಗೇ ಮಾಡಬೇಕು ಅಂತಾಳೆ. ಬೇಗ ಹೇಳೇ."

ಬೋರ್ಡಿಂಗ್ ಕೂಗ್ತಿದಾರೆ. ಮಾತಾಡೋಕೆ ಹೋದೆ, ಅರ್ಧಕ್ಕೇ ನಿಲ್ಲಿಸಿದೆ. ಟೈಪ್ ಮಾಡೋಕೆ ಹೋದೆ, ಅಳಿಸಿದೆ. ಮೊದಲು ಇಲ್ಲಿ ಬರೀತೀನಿ, ಆಮೇಲೆ ನೋಡಿ ಅಲ್ಲಿಗೆ ಹಾಕ್ತೀನಿ. ಹಾಕದೆ ವಿಮಾನ ಹತ್ತಲ್ಲ. ಬಿಟ್ಟು ಹೋದ್ರೆ ಹೋಗಲಿ.

ತೆಯೋ, ಮಿಷನ್ ಮಾರಬೇಡ. ಗ್ರೋವರ್ ಸತ್ತಿಲ್ಲ. ನಾನು ಅವನನ್ನ ಪಾರ್ಕಲ್ಲಿ ನೋಡಿದೆ, ಅವನ ಜೊತೆ ಇನ್ನೊಬ್ಬಳಿದಾಳೆ, ಒಂದು ಕೂಸೂ ಇದೆ.