ಗಾಜಿನೊಳಗೆ ಬಡಿಸಿದ ಊಟ

ಸತುರ್ನೀನಜ್ಜಿ,

ನೀನಿದ್ದಾಗಲೂ ನಿನಗೆ ಓದಲು ಬರುತ್ತಿರಲಿಲ್ಲ, ಈಗಂತೂ ನೀನೇ ಇಲ್ಲ. ಆದರೂ ಬರೀತಿದ್ದೀನಿ, ಸಿಟ್ಟು ತಡೆಯೋಕಾಗ್ತಿಲ್ಲ.

ಇವತ್ತು ಕುಸ್ಕೊದಲ್ಲಿ ನಮ್ಮ ಕಾಲೇಜಿನ ಎಕ್ಸಿಬಿಷನ್ ಶುರುವಾಯಿತು. ಪ್ರತಿ ಆಗಸ್ಟಿನಲ್ಲಿ ನೀನು ಭೂಮಿತಾಯಿ ಪಚಮಾಮಾಗೆ ಬಡಿಸುತ್ತಿದ್ದೆಯಲ್ಲ, ಕೋಕಾ ಎಲೆ, ಮಂದೆಯ ಲಾಮಾ ಕೊಬ್ಬು, ಮಿಠಾಯಿ, ಅದನ್ನೇ ಲಾರೇಯಾ ಮೇಷ್ಟ್ರು ಗಾಜಿನ ಪೆಟ್ಟಿಗೆಯಲ್ಲಿಟ್ಟು ಲೈಟು ಬಿಟ್ಟಿದ್ದಾರೆ. ಜೋಡಿಸೋದು ಹೇಳಿಕೊಟ್ಟವಳು ನಾನೇ. ಸುಟ್ಟರೆ ತಾನೇ ಅವಳಿಗೆ ಮುಟ್ಟೋದು, ಯಾವಾಗ ಸುಡ್ತೀರಿ ಅಂದರೆ ನಕ್ಕುಬಿಟ್ಟರು. "ಸುಟ್ಟರೆ ಜನ ಏನು ನೋಡ್ತಾರಮ್ಮ?"

ಕಾವಲಿನ ಎವುಸೇಬಿಯೊ ನಮ್ಮ ಬೆಟ್ಟದ ಕಡೆಯವನೇ. "ಬಡಿಸಿಟ್ಟು ತಿನ್ನೋಕೆ ಬಿಡದಿದ್ರೆ ನಮ್ಮವ್ವ ಸೌಟಲ್ಲೇ ಬಾರಿಸ್ತಿದ್ಲು ಕಣೆ. ಏನ್ಮಾಡ್ಲಿ, ಬೆಂಕಿ ಬೀಳದ ಹಾಗೆ ನೋಡ್ಕೊಳ್ಳೋಕೇ ನಂಗೆ ಸಂಬಳ" ಅಂದ.

ನಾನಾದರೂ ಕೂಗಾಡಬೇಕಿತ್ತು. ಮೇಷ್ಟ್ರು ಮೈಕ್ ಕೊಟ್ಟಾಗ "ಬ್ಯೂಟಿಫುಲ್" ಅಂದೆ.

ಎಲೆಗಳು ಮೂರುಮೂರಾಗಿ ನೀಟಾಗಿವೆ, ಆದರೆ ಒಂದಕ್ಕೂ ಯಾರೂ ಉಸಿರೂದಿಲ್ಲ. ಅದನ್ನು ಹೇಳಿಕೊಡಲು ನಾನೇ ಮರೆತಿದ್ದೆ. ಊದದ ಎಲೆ ಅವಳು ಮುಟ್ಟಲ್ಲ ಅಂತಿದ್ದೆ ನೀನು. ಹೋದ ಆಗಸ್ಟಿನಲ್ಲಿ, ನಾನು ಬಂದು ಊದಲಿ ಅಂತ, ನನ್ನ ಪಾಲಿನ ಮೂರೆಲೆ ಹಿಡಿದು ಸಂಜೆವರೆಗೂ ಕಾದೆಯಂತೆ. ಟೆಸ್ಟ್ ಇದೆ ಅಂತ ಹಾಸ್ಟೆಲಿನಿಂದ ಹೇಳಿ ಕಳಿಸಿದ್ದೆ.

ಆಮೇಲೆ ಅವಕ್ಕೆ ಯಾರು ಊದಿದರು, ಅಜ್ಜಿ?